ಸಾಹುಕಾರರು ನಗಬೇಕಾಯಿತು

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರ ಗುಮಾಸ್ತ ಮೊಮ್ಮಗಳನ್ನು ನೋಡಿ ಬರಲು ಮೂರು ದಿನ ರಜೆ ಕೇಳಬೇಕೆಂದು ಬಂದಿದ್ದ. ಬಾಯಿ ತೆರೆಯುವ ಮೊದಲೇ ಸಾಹುಕಾರ ಚನವೀರಪ್ಪನವರು ತಮ್ಮ ಮೊಬೈಲನ್ನು ಅವನ ಕೈಗೆ ತುರುಕಿದರು.

"ನನ್ನ ಕ್ರಿಪ್ಟೋ ಖಾತೆ ತೆರೀವಲ್ದು. ಮಧ್ಯಾಹ್ನದೊಳಗ ತೆಗದುಕೊಡು. ಇಲ್ಲಾಂದ್ರ ಬ್ಯಾರೆ ಕೆಲಸ ನೋಡ್ಕೋ."

"ಕ್ರಿಪ್ಟೋ ಅಂದ್ರೇನ್ರೀ ಧಣಿ?"

"ಕಣ್ಣಿಗೆ ಕಾಣದ ರೊಕ್ಕ."

"ಕಾಣದ ರೊಕ್ಕಕ್ಕ ಬೀಗ ಯಾಕ್ರಿ?"

ಅದು ಸಾಹುಕಾರರಿಗೂ ಗೊತ್ತಿರಲಿಲ್ಲ. ಗುಮಾಸ್ತ ಪರದೆ ಓದಿದ. ಇನ್ನು ಮುಂದೆ ಖಾತೆ ತೆರೆಯುವಾಗಲೆಲ್ಲ ಖಾತೆದಾರರು ಕ್ಯಾಮೆರಾ ನೋಡಿ ನಗಬೇಕು ಎಂದಿತ್ತು. ಗಾದಿಯ ಮೇಲೆ ಕೂತವನು ನಕ್ಕರೆ ಗಿರಾಕಿ ದರ ಇಳಿಸುತ್ತಾನೆಂದು ಸಾಹುಕಾರರು ಮೂವತ್ತು ವರ್ಷ ನಕ್ಕಿರಲಿಲ್ಲ. ಈಗ ಐದು ಸಲ ಹಲ್ಲು ಕಿರಿದರು. ಐದು ಸಲವೂ ಮೊಬೈಲು ಇದು ನಗುವಲ್ಲ ಎಂದಿತು.

ಗುಮಾಸ್ತ ತಲೆ ಕೆರೆದುಕೊಂಡ. ಆಮೇಲೆ ಮೊಬೈಲನ್ನು ಅವರ ಮುಖದೆದುರು ಹಿಡಿದ.

"ಧಣಿ, ನನಗ ಮೂರು ದಿನ ರಜೆ ಬೇಕ್ರಿ."

"ರಜೆನ? ನಿನಗ?" ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾತೆ ತೆರೆಯಿತು.

"ನಗಿಸಾಕಂತ ಕೇಳಿದಿ, ಹೌದಿಲ್ಲೋ?"

"ನಗಿಸಾಕೂ ಕೇಳಿದೆ, ರಜೆಗೂ ಕೇಳಿದೆರಿ. ತೆಗೆದಾಗೆಲ್ಲ ಇದು ನಗು ಕೇಳ್ತೈತಂತ್ರಿ. ರಜೆ ಕೊಟ್ರ ಮುಂದಿನ ಸಲ ಬ್ಯಾರೆ ಏನರ ಕೇಳ್ತೇನ್ರಿ. ಕೊಡಲಿಲ್ಲಂದ್ರ ಇದೇ ರಜೇನ ಮತ್ತ ಕೇಳಬೇಕ್ರಿ. ಕೇಳಿದ್ದನ್ನ ಕೇಳಿದ್ರ ನಿಮಗ ನಗು ಬರ್ತೈತೇನ್ರಿ?"

ಕೊಟ್ಟರೆ ನಷ್ಟವೋ, ಕೊಡದಿದ್ದರೆ ನಷ್ಟವೋ, ಸಾಹುಕಾರರಿಗೆ ತಿಳಿಯಲಿಲ್ಲ. ಅವರು ಯೋಚಿಸಿ ಮುಗಿಸುವಷ್ಟರಲ್ಲಿ ಗುಮಾಸ್ತ ಮಗಳ ಊರಿನ ಬಸ್ಸು ಹತ್ತಿದ್ದ.