ಎಡಕ್ಕೆ, ಕೆಳಕ್ಕೆ

"ಬುದ್ಧೀ, ನಾನಿನ್ನು ಮನೆಗೆ ಹೋಗಬಹುದಾ?" ಅಂತ ಹಾಲಪ್ಪ ಗುರುಗಳನ್ನು ಕೇಳಿದ.

ಹಾಲಪ್ಪ ಮಠಕ್ಕೆ ಬಂದು ಹನ್ನೊಂದು ತಿಂಗಳಾಗಿತ್ತು. ಬರುವ ಮುಂಚೆ ಅವನು ಸಿಟ್ಟಿನಲ್ಲಿ ಹೆಂಡತಿಯ ಕೈ ಮುರಿದಿದ್ದ. ಹೊಡೆದದ್ದು ಮೊದಲ ಸಲವಲ್ಲ, ಮುರಿದದ್ದು ಮಾತ್ರ ಮೊದಲ ಸಲ. ಈಗ ಅವಳ ಕೈ ಕೂಡಿಕೊಂಡಿತ್ತು. ಹಿಂದಿನ ದಿನ ಅವಳು ಮಠದ ಬಾಗಿಲ ತನಕ ಬಂದು, "ಬುದ್ಧಿಯವರು ಸರಿ ಅಂದ್ರೆ ಕಳಿಸಿಕೊಡಲಿ" ಅಂತ ಹೇಳಿ, ಒಳಗೆ ಬಾರದೆ ಹಾಗೇ ಹೋಗಿದ್ದಳು.

"ಹನ್ನೊಂದು ತಿಂಗಳಲ್ಲಿ ಒಂದು ಸಲವೂ ತಪ್ಪಿಲ್ಲ ಬುದ್ಧಿ. ಒಂದು ಕೆಟ್ಟ ಮಾತಿಲ್ಲ, ಕೈ ಎತ್ತಿದ್ದಿಲ್ಲ. ಹಳೇದನ್ನ ಕಳಚಿ ಹಾಕಿ ಒಳಗೆ ಬೇರೆಯದನ್ನೇ ಕೂರಿಸಿದ ಹಾಗಾಗಿದೆ" ಅಂದ ಹಾಲಪ್ಪ.

"ಕೂತ್ಕೊ" ಅಂದರು ಗುರುಗಳು. ಅವನು ಕೂತ ಮೇಲೆ ಕತೆ ಶುರುಮಾಡಿದರು.

ಒಬ್ಬ ಹೂವಿನ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಹಳೇ ಕಾರಿತ್ತು. ದಿನಾ ಬೆಳಿಗ್ಗೆ ಅವನೂ ಹೆಂಡತಿಯೂ ಹೂವಿನ ಬುಟ್ಟಿಗಳನ್ನು ಕಾರಿಗೆ ತುಂಬಿಕೊಂಡು ಬೆಟ್ಟದ ಮೇಲಿನ ಪೇಟೆಗೆ ಹೋಗುವರು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಇಂಜಿನ್ ಕುದಿಯುತ್ತಿತ್ತು. ಅಲ್ಲಿ ನಿಲ್ಲಿಸಲೇಬೇಕು. ಆದರೆ ಆ ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಆದ್ದರಿಂದ ಹೆಂಡತಿ ಇಳಿದು ಹಿಂದಿನ ಚಕ್ರಕ್ಕೆ ಒಂದು ಮರದ ತುಂಡು ಕೊಡುವಳು. ರೇಡಿಯೇಟರ್‌ಗೆ ನೀರು ಹಾಕುವಳು. ಅವನು ಬ್ರೇಕ್ ಒತ್ತಿಕೊಂಡ ಮೇಲೆ ಹಿಂದೆ ಹೋಗಿ, ಬಗ್ಗಿ ತುಂಡು ಎಳೆದು, ಡಿಕ್ಕಿಗೆ ಎರಡು ಸಲ ತಟ್ಟಿ, ಬಂದು ಕೂರುವಳು. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು.

ಒಂದು ದಿನ ಕಾರಿನ ಗೇರ್‌ಬಾಕ್ಸ್ ಹೋಯಿತು. ಆ ಮಾದರಿಯ ಕಾರು ತಯಾರಾಗುವುದೇ ನಿಂತಿತ್ತು, ಗೇರ್‌ಬಾಕ್ಸ್ ಎಲ್ಲಿಂದ ಬರಬೇಕು? ಮೆಕ್ಯಾನಿಕ್ ಒಬ್ಬ ಗುಜರಿಯಲ್ಲಿ ಹುಡುಕಿ ಬೇರೆ ಮಾದರಿಯದೊಂದನ್ನು ತಂದ.

ಅದು ಇದಕ್ಕೆ ಯಾವ ಕಡೆಯಿಂದಲೂ ಸಂಬಂಧವಿಲ್ಲದ್ದು. ಬೋಲ್ಟಿನ ತೂತು ಕೂಡಲಿಲ್ಲ. ಅವನು ದಪ್ಪ ಕಬ್ಬಿಣದ ಪ್ಲೇಟು ಕೊಯ್ಸಿ, ಒಂದು ಸುತ್ತು ಇಂಜಿನ್ನಿನ ಅಳತೆಗೆ, ಇನ್ನೊಂದು ಸುತ್ತು ಗೇರ್‌ಬಾಕ್ಸಿನ ಅಳತೆಗೆ ತೂತು ಹಾಕಿ, ನಡುವೆ ಕೂರಿಸಿದ. ಕ್ಲಚ್ ಪ್ಲೇಟು ಬದಲಾಯಿಸಿದ. ಗೇರ್‌ಬಾಕ್ಸ್ ನಾಲ್ಕು ಬೆರಳು ಉದ್ದವಾಯಿತು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ನಾಲ್ಕು ಬೆರಳು ಕತ್ತರಿಸಿ ಬೆಸೆದ. ಗೇರ್ ರಾಡು ಮೇಲೆ ಬರಲು ಹೊಸ ತೂತು ಕೊರೆದ. ಅದು ಸರಿಯಾಗಿ ಹೆಂಡತಿ ಎಲೆಅಡಿಕೆ ಚೀಲ ಇಡುತ್ತಿದ್ದ ಜಾಗಕ್ಕೆ ಬಂತು. ಅವಳು ಎರಡು ದಿನ ಮೆಕ್ಯಾನಿಕ್ಕನ್ನು ಮಾತಾಡಿಸಲಿಲ್ಲ.

ಹದಿನೇಳು ದಿನ ಹಿಡಿಯಿತು. ಕೂದಲೆಳೆಯಷ್ಟೂ ವ್ಯತ್ಯಾಸ ಬಾರದ ಹಾಗೆ ಅಳೆದು ಮಾಡಿದ. ಮಾಡಿ ವ್ಯಾಪಾರಿಗೆ ಹೇಳಿದ.

"ಅಣ್ಣ, ಒಂದು ನೆನಪಿಟ್ಕೋ. ನಿನ್ನ ಹಳೇ ಬಾಕ್ಸಲ್ಲಿ ಎಡಕ್ಕೆ ಮೇಲಕ್ಕೆ ಹಾಕಿದ್ರೆ ಫಸ್ಟ್ ಗೇರು. ಇದ್ರಲ್ಲಿ ಅದೇ ಜಾಗದಲ್ಲಿ ರಿವರ್ಸ್ ಇದೆ. ಇದ್ರಲ್ಲಿ ಫಸ್ಟು ಎಡಕ್ಕೆ, ಕೆಳಕ್ಕೆ."

"ಇಪ್ಪತ್ತು ವರ್ಷ ಗಾಡಿ ಓಡಿಸಿದೀನಿ ಮೇಸ್ತ್ರಿ, ನನಗೆ ಅಆಇಈ ಹೇಳಿಕೊಡ್ತೀಯಾ?"

"ಸರಿ, ಹ್ಯಾಂಡ್‌ಬ್ರೇಕೂ ಮಾಡಿಬಿಡ್ಲಾ? ಹೇಗೂ ಗಾಡಿ ಬಿಚ್ಚಿದೆ."

"ಅದ್ಯಾಕೆ? ಇವಳಿದಾಳಲ್ಲ."

ವ್ಯಾಪಾರಿ ಕಾರು ಹತ್ತಿದ. ಮುಂದಕ್ಕೆ ಹೋಗಲು ಗೇರ್ ಹಾಕಿದ. ಕಾರು ಹಿಂದಕ್ಕೆ ಹೋಗಿ ಟೀ ಅಂಗಡಿಯ ಬೆಂಚು ಮುರಿಯಿತು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕವನು ವ್ಯಾಪಾರಿಯೇ.

ಅವನೇನು ದಡ್ಡನಲ್ಲ. ಅವತ್ತಿನಿಂದ ಪ್ರತಿ ಸಲ ಗೇರ್ ಹಾಕುವ ಮುಂಚೆ, "ಎಡಕ್ಕೆ, ಕೆಳಕ್ಕೆ" ಅಂತ ಬಾಯಿಬಿಟ್ಟು ಹೇಳಿಕೊಂಡು ಆಮೇಲೆ ಹಾಕುತ್ತಿದ್ದ. ಬೆಟ್ಟದ ಮಧ್ಯೆ ಡಿಕ್ಕಿ ತಟ್ಟಿ ಬಂದು ಕೂತ ಹೆಂಡತಿ, "ಅಷ್ಟೋತ್ತರ ಮುಗೀತಾ? ಹೂವು ಬಾಡ್ತಾ ಇದೆ" ಅಂತ ಛೇಡಿಸುತ್ತಿದ್ದಳು. ಹನ್ನೊಂದು ತಿಂಗಳಲ್ಲಿ ಒಂದು ಸಲವೂ ತಪ್ಪಲಿಲ್ಲ. ಬೇರೆ ಊರಿನ ಮೆಕ್ಯಾನಿಕ್ಕುಗಳು ಬಂದು ಕಾರಿನ ಕೆಳಗೆ ಮಲಗಿ ಆ ಕೆಲಸ ನೋಡಿಕೊಂಡು ಹೋದರು.

ಹನ್ನೆರಡನೇ ತಿಂಗಳು ಒಂದು ಬೆಳಿಗ್ಗೆ ಕಾರು ಅದೇ ಜಾಗದಲ್ಲಿ ನಿಂತಿತ್ತು. ನೀರು ಹಾಕಿ ಆಗಿತ್ತು. ವ್ಯಾಪಾರಿ ಬ್ರೇಕ್ ಒತ್ತಿ ಹಿಡಿದಿದ್ದ. ಹೆಂಡತಿ ಹಿಂದೆ ಬಗ್ಗಿ ಮರದ ತುಂಡು ಎಳೆದಳು. ಡಿಕ್ಕಿ ಇನ್ನೂ ತಟ್ಟಿರಲಿಲ್ಲ. ಆಗ ತಿರುವಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಇವರ ಪಕ್ಕಕ್ಕೇ ಇಳಿದು ಬಂತು. ಹತ್ತು ಮಾರು ಮುಂದೆ ಎಡಗಡೆ ಅಗಲವಾದ ಜಾಗವಿತ್ತು. ಅಲ್ಲಿಗೆ ಸೇರಿಕೊಂಡರೆ ಲಾರಿ ಗುದ್ದಿ ಕಾರನ್ನು ಹೆಂಡತಿಯ ಮೇಲೆ ನೂಕುವುದು ತಪ್ಪುತ್ತದೆ, ಇಬ್ಬರೂ ಉಳಿಯುತ್ತೇವೆ ಅಂತ ಅವನಿಗೆ ಹೊಳೆಯಿತು. ಹೊಳೆದದ್ದು ಸರಿಯಾಗಿಯೇ ಇತ್ತು.

ಹೇಳಿಕೊಳ್ಳಲು ಹೊತ್ತಿರಲಿಲ್ಲ. ಕೈ ತಾನಾಗಿ ಎಡಕ್ಕೆ ಹೋಯಿತು, ಮೇಲಕ್ಕೆ ಹೋಯಿತು. ಅವನು ಆಕ್ಸಿಲರೇಟರನ್ನು ಪೂರ್ತಿ ಒತ್ತಿದ.

ಲಾರಿ ಕೊನೇ ಗಳಿಗೆಯಲ್ಲಿ ತನ್ನ ಪಕ್ಕಕ್ಕೆ ಹೊರಳಿತು. ಕಾರಿನ ಕನ್ನಡಿಗೂ ತಾಗಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. "ಆಯಮ್ಮ?" ಅಂದ ಹಾಲಪ್ಪ.

"ಹಿಂದೆ ಇದ್ದಳಲ್ಲ" ಅಂದರು ಗುರುಗಳು. "ತುಂಡು ಕೈಯಲ್ಲೇ ಇತ್ತಂತೆ."

"ಹಾಗಾದ್ರೆ ಗೇರ್‌ಬಾಕ್ಸು ಸರಿಯಾಗಿ ಕೂತಿರಲಿಲ್ಲ ಅನ್ನಿ ಬುದ್ಧಿ."

"ಹಾಗಂತಲೇ ಪೊಲೀಸರೂ ಅಂದ್ಕೊಂಡ್ರು. ಗಾಡಿ ಪರೀಕ್ಷೆ ಮಾಡೋಕೆ ಒಬ್ಬ ಅಧಿಕಾರಿ ಬಂದ. ಎಲ್ಲಾ ಬಿಚ್ಚಿಸಿ ನೋಡಿದ. ಇಷ್ಟು ಚೊಕ್ಕವಾದ ಕೆಲಸ ನಾನು ನೋಡೇ ಇಲ್ಲ, ಒಂದು ದೋಷವೂ ಇಲ್ಲ ಅಂತ ಬರೆದುಕೊಟ್ಟ. ಆ ಕಾಗದ ಕೈಗೆ ಬಂದ ದಿನ ಮೆಕ್ಯಾನಿಕ್ಕು ಗ್ಯಾರೇಜಿಗೆ ಬೀಗ ಹಾಕಿದ."

"ವ್ಯಾಪಾರಿ ಏನಂದ ಬುದ್ಧಿ?"

"ಅವನು ಈಗಲೂ ಸಿಕ್ಕಿದವರಿಗೆಲ್ಲ ಒಂದೇ ಮಾತು ಹೇಳ್ತಾನೆ. ಹನ್ನೊಂದು ತಿಂಗಳಲ್ಲಿ ಒಂದು ಸಲವೂ ತಪ್ಪಿರಲಿಲ್ಲ ಅಂತ. ಸುಳ್ಳಲ್ಲ ಅದು."

ಹಾಲಪ್ಪ ತಲೆ ತಗ್ಗಿಸಿದ. ಮತ್ತೆ ಎತ್ತಿ, "ನನ್ನದು ಹಾಗಲ್ಲ ಬುದ್ಧಿ. ನನಗೆ ಸಿಟ್ಟೇ ಬರ್ತಾ ಇಲ್ಲ" ಅಂದ.

ಗುರುಗಳು ಎದ್ದು ನಿಂತರು.

"ಇಲ್ಲಿಗೆ ಬಂದ ಮೇಲೆ ನಿನಗೆ ಯಾರಾದರೂ ಒಂದು ಎದುರು ಮಾತು ಆಡಿದಾರಾ ಹಾಲಪ್ಪ?"