ಎಂಟು ದಿನ ಓಡುವ ಗಡಿಯಾರ

ಊರು ಅಂದರೆ ಮೈಸೂರು ಅಂತಲೇ ಇಟ್ಟುಕೊಳ್ಳಿ. ಮೈಸೂರಿನಲ್ಲೊಂದು ಓಣಿ, ಓಣಿಯ ಕೊನೆಗೊಂದು ಅಂಗಡಿ, ಅಂಗಡಿಯ ಬೆನ್ನಿಗೆ ಮನೆ. ಆ ಮನೆಯಲ್ಲಿ ಕಾಳಮ್ಮ ಅಂತ ಒಬ್ಬಳು ತಾಯಿ, ಮೋನಾಚಾರಿ ಅಂತ ಅವಳಿಗೊಬ್ಬನೇ ಮಗ. ಎಲ್ಲರೂ ಅವನನ್ನು ಮೋನ ಅಂತಲೇ ಕರೆಯುತ್ತಿದ್ದರು.

ಕಾಳಮ್ಮನ ಗಂಡ ವೀರಾಚಾರಿ ಒಳ್ಳೇ ಬಡಗಿ. ಇಂಗ್ಲಿಷ್ ದೊರೆಗಳು ಬಂಗಲೆ ಖಾಲಿ ಮಾಡಿಕೊಂಡು ಸೀಮೆಗೆ ಹೊರಟರಲ್ಲ, ಆವಾಗ ಹರಾಜಿನಲ್ಲಿ ಕೂಗಿ ಕೂಗಿ ಅವರ ಸಾಮಾನನ್ನೆಲ್ಲ ಹಿಡಿದು ತಂದಿದ್ದ. ಸಿಂಹದ ಕಾಲಿನ ಕುರ್ಚಿ, ಬೀಟೆ ಮರದ ಬೀರು, ಕಳ್ಳ ಖಾನೆ ಇರುವ ಬರೆಯೋ ಮೇಜು, ಗೋಡೆ ಗಡಿಯಾರ, ಮೇಜಿನ ಗಡಿಯಾರ, ಇವೆಲ್ಲಕ್ಕೂ ಯಜಮಾನನ ಹಾಗೆ ಮೂಲೆಯಲ್ಲಿ ಆಳೆತ್ತರದ ಒಂದು ನಿಲುಗಡಿಯಾರ. ಇಷ್ಟನ್ನೂ ತಂದಿಟ್ಟು ವೀರಾಚಾರಿ ಕಣ್ಣು ಮುಚ್ಚಿದ.

ಮೋನನಿಗೆ ಮೂವತ್ತು ತುಂಬಿತ್ತು. ಆಳು ಗಟ್ಟಿಮುಟ್ಟು. ಸುಳ್ಳಿಲ್ಲ, ಕಳ್ಳತನವಿಲ್ಲ, ಸೋಮಾರಿತನವಿಲ್ಲ. ಇದ್ದದ್ದು ಒಂದೇ. ಅಮ್ಮ ಹೇಳಿದಳು, ಮೋನ ಕೇಳಿದ. ಕೇಳಿದ್ದನ್ನು ಕೇಳಿದ ಹಾಗೇ ಮಾಡಿದ. ಅಲ್ಲೇ ಬಂದದ್ದು ಎಡವಟ್ಟು.

ಕಾಳಮ್ಮನಿಗೆ ಕಣ್ಣಿಗೆ ಪೊರೆ ಬರುತ್ತಿತ್ತು. ನನ್ನ ಕಣ್ಣು ಪೂರ್ತಿ ಕತ್ತಲಾಗೋದರೊಳಗೆ ಇವನಿಗೊಂದು ಹೆಣ್ಣು ತರಬೇಕು, ಇಲ್ಲದಿದ್ದರೆ ಇವನಿಗೆ ದಿಕ್ಕು ಯಾರು ಅಂತ ಅವಳಿಗೆ ಅದೇ ಯೋಚನೆ. ಬನ್ನೂರಿನ ಸಿದ್ದಾಚಾರಿಗೆ ಕಮಲಾಕ್ಷಿ ಅಂತ ಮಗಳಿದ್ದಳು. ಮಾತಾಯಿತು. ಸಿದ್ದಾಚಾರಿ ಬಂದ, ಮನೆ ನೋಡಿದ, ಅಂಗಡಿ ನೋಡಿದ, ಮೋನನನ್ನೂ ನೋಡಿದ. ಆಮೇಲೆ ಗಡ್ಡ ಕೆರೆದುಕೊಂಡು, "ನೋಡಕ್ಕಾ, ಅಂಗಡಿಯಿಂದ ಒಂದೇ ಒಂದು ಸಾಮಾನನ್ನ ನಿನ್ನ ಮಗ ತನ್ನ ಕೈಯಾರೆ ಮಾರಲಿ. ಗಿರಾಕಿ ಸರಿ ಅನ್ನಲಿ. ಹೆಣ್ಣು ಕೊಡ್ತೀನಿ. ಯುಗಾದಿವರೆಗೂ ಕಾಯ್ತೀನಿ, ಆಚೆಗಿಲ್ಲ" ಅಂದ.

ಯುಗಾದಿಗೆ ಇನ್ನು ಎರಡೇ ತಿಂಗಳು.

ಕಾಳಮ್ಮ ಮಾರನೇ ದಿನವೇ ಮಗನನ್ನು ಕೂರಿಸಿಕೊಂಡಳು. ನಾನು ಕಣ್ಣು ತೋರಿಸಿಕೊಂಡು ಬರ್ತೀನಿ, ಅಷ್ಟರಲ್ಲಿ ಆ ಮೇಜಿನ ಗಡಿಯಾರ ತಿಕ್ಕಿಡು, ಕಪ್ಪು ಅನ್ನೋದು ಒಂದು ಚೂರೂ ಕಾಣಬಾರದು ಅಂದಳು. ಅಮ್ಮ ಹೇಳಿದಳು, ಮೋನ ಕೇಳಿದ. ಹುಣಸೇಹಣ್ಣು ತಂದ, ಇಟ್ಟಿಗೆಪುಡಿ ತಂದ, ತಿಕ್ಕಿದ. ಹಿತ್ತಾಳೆಯ ಕಪ್ಪು ಹೋಯಿತು. ನೋಡಿದರೆ ಗಡಿಯಾರದ ಮುಖದ ತುಂಬ ಕಪ್ಪು, ಸುತ್ತ ಹನ್ನೆರಡು ಕಡೆ ಕಪ್ಪು! ಅದನ್ನೂ ತಿಕ್ಕಿದ. ಅಂಕಿಗಳೆಲ್ಲ ಅಳಿಸಿಹೋಗಿ ಮುಖ ತೊಳೆದ ತಟ್ಟೆಯ ಹಾಗಾಯಿತು. ಇನ್ನು ಉಳಿದದ್ದು ಎರಡು ಮುಳ್ಳು, ಅವೂ ಕಪ್ಪು. ಅವನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಒಬ್ಬರು ಮೇಷ್ಟ್ರು ಗಡಿಯಾರ ಕೊಳ್ಳಬೇಕು ಅಂತ ಬಂದರು. ಹಿಂದೆ ನೋಡಿದರು, ಮುಂದೆ ನೋಡಿದರು. ಇದರಲ್ಲಿ ಗಂಟೆ ಎಷ್ಟು ಅಂತ ತಿಳಿಯೋದು ಹೇಗಪ್ಪ ಅಂತ ಕೇಳಿದರು. ಮೋನ ಅವರ ಕೈ ಹಿಡಿದು ಬಾಗಿಲಾಚೆ ಕರೆದುಕೊಂಡು ಹೋಗಿ ಬಿಸಿಲು ತೋರಿಸಿದ. ಮೇಷ್ಟ್ರು ಹಾಗೇ ಬಿಸಿಲಲ್ಲೇ ಮನೆಗೆ ಹೋದರು.

ಕಾಳಮ್ಮ ಬಂದಳು, ಗಡಿಯಾರ ಮುಟ್ಟಿ ನೋಡಿದಳು, ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ಹಳೇ ಸಾಮಾನಿಗೆ ಹಳೇತನವೇ ಕಣೋ ಬೆಲೆ. ಯಾರಾದ್ರೂ ಬಂದು ಕೇಳಿದ್ರೆ ನೂರೈವತ್ತು ವರ್ಷದ್ದು, ಎಲ್ಲಾ ಅಸಲು, ಒಂದು ಮೊಳೇನೂ ಬದಲಾಯಿಸಿಲ್ಲ ಅನ್ನಬೇಕು."

"ಆಗಲಮ್ಮ. ಹಾಗೇ ಅಂತೀನಿ," ಅಂದ ಮೋನ.

ಹೇಳಿದ ಮೂರನೇ ದಿನಕ್ಕೆ ಬಂದವಳು ಗಿರಾಕಿಯಲ್ಲ, ಸಿದ್ದಾಚಾರಿಯ ಅಕ್ಕ ನೀಲಮ್ಮ. ಹುಡುಗನನ್ನು ಇನ್ನೊಂದು ಕಣ್ಣಿಂದ ನೋಡಿ ಬರಲಿ ಅಂತ ತಮ್ಮ ಕಳಿಸಿದ್ದ. ಕಾಳಮ್ಮ ಆವತ್ತು ಬೆಳಗ್ಗೆ ತಾನೇ ಕೋಡುಬಳೆ ಕರಿದಿದ್ದಳು. ತಟ್ಟೆ ತುಂಬ ಮೋನನ ಕೈಯಲ್ಲಿ ಕೊಟ್ಟು, ಕಾಫಿಗೆ ಎಸರಿಡಲು ಒಳಗೆ ಹೋದಳು.

ನೀಲಮ್ಮ ಒಂದು ಕೋಡುಬಳೆ ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆಯಲ್ಲ, ಯಾವಾಗ ಮಾಡಿದ್ದು ಅಂದಳು.

"ನೂರೈವತ್ತು ವರ್ಷದ್ದು," ಅಂದ ಮೋನ.

ನೀಲಮ್ಮನ ಬಾಯಿ ಅಲ್ಲಿಗೇ ನಿಂತಿತು. ಅಗಿಯಲೂ ಇಲ್ಲ, ಉಗಿಯಲೂ ಇಲ್ಲ. ಹೇಗೋ ನುಂಗಿಕೊಂಡು, ಹೋಗಲಿ ನಿಮ್ಮಮ್ಮ ಹೇಗಿದ್ದಾರೆ, ಕಣ್ಣು ಮಂದ ಅಂತ ಕೇಳಿದೆ ಅಂದಳು.

"ನೂರೈವತ್ತು ವರ್ಷದ್ದು. ಎಲ್ಲಾ ಅಸಲು. ಒಂದು ಮೊಳೇನೂ ಬದಲಾಯಿಸಿಲ್ಲ."

ಕಾಫಿ ಬರುವಷ್ಟರಲ್ಲಿ ನೀಲಮ್ಮ ಬಸ್ ಸ್ಟ್ಯಾಂಡಿನಲ್ಲಿದ್ದಳು.

ಕಾಳಮ್ಮ ಆವತ್ತು ಕೋಡುಬಳೆ ಮುಟ್ಟಲಿಲ್ಲ. ಬಯ್ಯುವಷ್ಟು ಬಯ್ದಳು, ಅಳುವಷ್ಟು ಅತ್ತಳು. ಆಮೇಲೆ ಹೊಸ ಬುದ್ಧಿ ಹೇಳಿದಳು. ಇನ್ನು ಗಿರಾಕಿ ಮುಂದೆ ನೀನು ಬಾಯೇ ಬಿಡಬೇಡ, ನಿನ್ನ ಬದಲು ಸಾಮಾನು ಮಾತಾಡಲಿ, ಆ ಕಾಲದವರು ಸಂದು ಹೇಗೆ ಕೂರಿಸಿದ್ದಾರೆ ಅಂತ ಬಿಚ್ಚಿ ತೋರಿಸು ಅಂದಳು. ಮೋನ ಆಗಲೇ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ.

ಹದಿನೈದು ದಿನ ಕಳೆದು ಒಬ್ಬ ವಕೀಲ ಬಂದ. ಜರಿ ಪೇಟ, ಕೈಯಲ್ಲಿ ಬೆತ್ತ. ಬರೆಯೋ ಮೇಜು ಅವನ ಮನಸ್ಸಿಗೆ ಬಂತು. ಇದರ ಸಂದು ಮೊಳೆಯದೋ, ಮರಕ್ಕೆ ಮರ ಕಚ್ಚಿಸಿದ್ದೋ ಅಂತ ಕೇಳಿದ. ಮೋನ ಮಾತಾಡಲಿಲ್ಲ. ಕೊಡತಿ ತಂದ. ಟಕ್ ಅಂತ ಖಾನೆ ಬಂತು, ಟಕ್ ಅಂತ ಪಕ್ಕ ಬಂತು, ಟಕ್ ಅಂತ ಕಾಲು ಬಂತು. ವಕೀಲ ಸಾಕು ಸಾಕು ಅಂದ. ಸಾಕು ಅಂದರೆ ನಿಲ್ಲಿಸು ಅಂತ ಅಮ್ಮ ಹೇಳಿರಲಿಲ್ಲ. ಕೊನೆಗೆ ಮೇಲ್ಹಲಗೆಯೊಂದು ಉಳಿಯಿತು. ಅದನ್ನು ಮೋನ ಎರಡು ಕೈಯಲ್ಲೂ ಎತ್ತಿ ಹಿಡಿದುಕೊಂಡು, ನೋಡಿ ಅನ್ನುವ ಹಾಗೆ ಗದ್ದ ತಿರುವಿದ. ಕೆಲಸ ಅಂದರೆ ಕೆಲಸ, ವಕೀಲನಿಗೂ ಆಸೆಯಾಯಿತು. ಹಲಗೆಯ ಅಡಿಗೆ ಬಗ್ಗಿ ಸಂದು ನೋಡತೊಡಗಿದ.

ಅಷ್ಟರಲ್ಲಿ ಒಳಗಿಂದ ಕಾಳಮ್ಮ ಕೂಗಿದಳು, "ಮೋನಾ, ಮುದ್ದೆ ಆರಿಹೋಗ್ತದೆ, ಬಾ."

ಅಮ್ಮ ಕರೆದಳು, ಮೋನ ಕೇಳಿದ. ಕೈ ಬಿಟ್ಟು ಊಟಕ್ಕೆ ಹೋದ.

ಪೇಟ ಇದ್ದದ್ದಕ್ಕೆ ತಲೆ ಉಳಿಯಿತು ಅನ್ನಿ. ವಕೀಲ ಓಣಿ ದಾಟುವವರೆಗೂ ಇಂಗ್ಲಿಷಿನಲ್ಲೇ ಬಯ್ದ. ಅವನು ಹೋದ ಮೇಲೆ ಕಾಳಮ್ಮ ಕನ್ನಡದಲ್ಲಿ ಶುರುಮಾಡಿದಳು. "ಬಿಚ್ಚಿ ಗುಡ್ಡೆ ಹಾಕೋದಲ್ಲ ಕಣೋ ವ್ಯಾಪಾರ! ಸಾಮಾನು ಕೆಲಸ ಮಾಡ್ತದೆ ಅಂತ ಗಿರಾಕಿಗೆ ಕಣ್ಣಾರೆ ತೋರಿಸಬೇಕು. ಇನ್ನೊಂದು ತಿಳ್ಕೋ. ಗಿರಾಕಿ ಮುಂದಿರುವಾಗ ಯಾರು ಕರೆದರೂ ಎದ್ದು ಬರಬೇಡ. ನಾನೇ ಕರೆದರೂ ಬರಬೇಡ."

ಯುಗಾದಿಗೆ ಹದಿನೈದು ದಿನ ಉಳಿದಿತ್ತು. ಆವತ್ತು ಭಾನುವಾರ. ಎಸ್ತರಮ್ಮ ಅಂತ ಒಬ್ಬರು ಡಾಕ್ಟರಮ್ಮ ಅಂಗಡಿಗೆ ಬಂದರು. ಒಂಟಿ ಜೀವ, ಆಸ್ಪತ್ರೆ ಕೆಲಸದಿಂದ ಬಿಡುಗಡೆಯಾಗಿ ಮನೆಯಲ್ಲಿದ್ದರು. ನೇರವಾಗಿ ಮೂಲೆಯ ನಿಲುಗಡಿಯಾರದ ಹತ್ತಿರ ಹೋಗಿ, ಇದು ಓಡುತ್ತೇನಪ್ಪ ಅಂತ ಕೇಳಿದರು.

ಮೋನ ಬಾಯಿ ಬಿಡಲಿಲ್ಲ. ಬಿಚ್ಚಲೂ ಇಲ್ಲ. ಗುಂಡುಗಳನ್ನು ನೇತುಹಾಕಿದ, ಕೀ ಕೊಟ್ಟ, ಲೋಲಕಕ್ಕೆ ಒಂದು ಬೆರಳು ತಾಗಿಸಿ ಪಕ್ಕಕ್ಕೆ ಸರಿದು ನಿಂತ. ಟಕ್ಕು ಟಕ್ಕು ಅಂತ ಅದು ಶುರುವಾಯಿತು. ಇಬ್ಬರೂ ಕೈಕಟ್ಟಿಕೊಂಡು ಕೇಳಿದರು. ಹನ್ನೊಂದು ಹೊಡೆಯಿತು, ಹನ್ನೊಂದನ್ನೂ ಕೇಳಿದರು. ಡಾಕ್ಟರಮ್ಮ ಒಳಗಿಂದ ಬಂದು ನಿಂತಿದ್ದ ಕಾಳಮ್ಮನ ಕಡೆ ತಿರುಗಿ, "ಮೂರು ಅಂಗಡಿ ತಿರುಗಿದೆ. ಎಲ್ಲ ಕಡೆ ಕಿವಿ ತೂತಾಗೋ ಹಾಗೆ ಮಾತು. ನಿಮ್ಮ ಮಗನೊಬ್ಬ ಗಡಿಯಾರಕ್ಕೆ ಮಾತಾಡೋಕೆ ಬಿಟ್ಟ. ಇದನ್ನ ನಾನು ತಗೊಂಡೆ" ಅಂದರು.

ಕಾಳಮ್ಮ ಕಂಬ ಹಿಡಿದುಕೊಂಡಳು. ಸಂಜೆಯೊಳಗೆ ಬನ್ನೂರಿಗೆ ಸುದ್ದಿ ಹೋಯಿತು, ಬನ್ನೂರಿಂದ ಉತ್ತರ ಬಂತು. ಶುಕ್ರವಾರ ಹತ್ತು ಗಂಟೆಗೆ ಮುಹೂರ್ತ, ಮದುವೆ ಗಂಡಿನ ಮನೆಯಲ್ಲೇ.

ಸೋಮವಾರ ಬೆಳಗ್ಗೆ ಗಡಿಯಾರ ಹೊರಟಿತು. ಕಾಳಮ್ಮ ಹತ್ತಿರ ನಿಂತು ಒಂದೊಂದಾಗಿ ಹೇಳಿದಳು. ತೂಗಾಡೋದನ್ನೆಲ್ಲ ಬಿಚ್ಚು, ಲೋಲಕ, ಗುಂಡು ಎಲ್ಲ ಬೇರೆ ಗಂಟು ಕಟ್ಟು. ಕಂಬಳಿ ಸುತ್ತು, ಗೋಣಿ ಹುರಿಯಲ್ಲಿ ಬಿಗಿ. ತಳ್ಳುಗಾಡಿ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ತಬ್ಬಿ ಹಿಡಿದುಕೋ, ಅಲುಗಾಡಬಾರದು. ಅಲ್ಲಿ ಹೋದ ಮೇಲೆ ಬಾಯಿ ಬಿಡಬಹುದು. "ಒಂದು ಸಲ ಕೀ ಕೊಟ್ಟರೆ ಎಂಟು ದಿನ ಓಡೋ ಗಡಿಯಾರ ಕಣಪ್ಪ ಇದು. ಎಂಟು ದಿನ ಓಡ್ತದೆ ಅಂತ ಡಾಕ್ಟರಮ್ಮನಿಗೆ ಕಣ್ಣಾರೆ ತೋರಿಸಿ ಆಮೇಲೆ ಮನೆಗೆ ಬಾ."

ಅಮ್ಮ ಹೇಳಿದಳು, ಮೋನ ಕೇಳಿದ.

ಸಂಜೆ ಗಾಡಿಯವನೊಬ್ಬನೇ ವಾಪಸು ಬಂದ. ಎಲ್ಲೋ ಮೋನ ಅಂದರೆ, ಗಡಿಯಾರದ ಎದುರು ಮಣೆ ಹಾಕಿಕೊಂಡು ಕೂತವನೆ ಕಣಮ್ಮ, ಇನ್ನೂ ಏಳು ದಿನ ಚಿಲ್ಲರೆ ಇದೆಯಂತೆ ಅಂದ.

ಮಂಗಳವಾರ ಬೆಳಗ್ಗೆ ಕಾಳಮ್ಮ ತಾನೇ ತಡವರಿಸಿಕೊಂಡು ಡಾಕ್ಟರಮ್ಮನ ಮನೆಗೆ ಹೋದಳು. ಮೋನ ಕೂತೇ ಇದ್ದ. ಏಳೋ, ಶುಕ್ರವಾರ ನಿನ್ನ ಮದುವೆ, ನಾನು ಕರೀತಾ ಇದೀನಿ ಅಂದಳು.

"ನೀನೇ ಕರೆದರೂ ಬರಬೇಡ ಅಂದಿದ್ದೀಯಮ್ಮ."

"ಆ ಮಾತು ವಾಪಸು ತಗೊಂಡೆ."

"ಕೊಟ್ಟದ್ದನ್ನ ವಾಪಸು ತಗೊಳ್ಳೋ ಪದ್ಧತಿ ನಮ್ಮ ಅಂಗಡೀಲಿಲ್ಲ ಅಂತ ನೀನೇ ಹೇಳ್ತೀಯಲ್ಲ."

ಗಿರಾಕಿ ಮುಂದಿದ್ದರೆ ತಾನೇ ಈ ತಕರಾರು ಅಂತ ಕಾಳಮ್ಮ ಡಾಕ್ಟರಮ್ಮನನ್ನು ಒಳಗೆ ಕಳಿಸಿದಳು. ಮೋನ ಅದಕ್ಕೂ ಅಲುಗಲಿಲ್ಲ. ಅವರಿಗೆ ಕಣ್ಣಾರೆ ತೋರಿಸಬೇಕು, ಅವರನ್ನ ಕರಿ ಅಂದ. ಡಾಕ್ಟರಮ್ಮ ನನಗೆ ನಂಬಿಕೆ ಬಂತಪ್ಪ, ಹೋಗು ಅಂದರು. ನಂಬಿಕೆಯ ಮಾತು ಅಮ್ಮ ಹೇಳಿರಲಿಲ್ಲ, ಎಂಟು ದಿನ ಅಂದಿದ್ದಳು.

ಮೂರು ದಿನ ಅವಳು ಹೋದಳು, ಮೂರು ದಿನವೂ ಬರಿಗೈಯಲ್ಲಿ ಬಂದಳು.

ಶುಕ್ರವಾರ ಬೆಳಗ್ಗೆ ಬನ್ನೂರಿನ ಗಾಡಿಗಳು ಓಣಿಗೆ ಬಂದವು. ಚಪ್ಪರವಿತ್ತು, ಹಸೆಮಣೆಯಿತ್ತು, ಪುರೋಹಿತರಿದ್ದರು, ಗಂಡೇ ಇರಲಿಲ್ಲ. ಕಾಳಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೀಲಮ್ಮ, ನಾನು ಆವತ್ತೇ ಹೇಳಿದ್ದೆ ಅಂತ ಶುರುಮಾಡಿದಳು. ಸಿದ್ದಾಚಾರಿ ಎತ್ತು ಕಟ್ಟಿ, ವಾಪಸು ತಿರುಗಿಸಿ ಅಂದ.

ಆಗ ಕಮಲಾಕ್ಷಿ ಬಾಯಿ ಬಿಟ್ಟಳು. ಇಷ್ಟು ದೂರ ಬಂದಿದ್ದೀನಿ, ಒಂದು ಸಲ ನೋಡಿಯೇ ತಿರುಗೋಣ ಅಂದಳು.

ಎಲ್ಲರೂ ಡಾಕ್ಟರಮ್ಮನ ಮನೆಗೆ ಹೋದರು. ಬಾಸಿಂಗ ಕಟ್ಟಿಕೊಂಡ ಹೆಣ್ಣು ಬಂದು ಎದುರಿಗೆ ನಿಂತರೂ ಮೋನ ಏಳಲಿಲ್ಲ. ಆದರೆ ಪಕ್ಕಕ್ಕೆ ಸರಿದು ಮಣೆಯ ಮೇಲೆ ಜಾಗ ಬಿಟ್ಟ.

"ಎಷ್ಟು ದಿನ ಆಯ್ತು?" ಅಂದಳು ಕಮಲಾಕ್ಷಿ.

"ನಾಲ್ಕು."

"ಇನ್ನೆಷ್ಟು?"

"ನಾಲ್ಕು. ಮಂಗಳವಾರ ಬೆಳಗ್ಗೆಗೆ ಸರಿಹೋಗ್ತದೆ. ನಿಮಗೆ ಹೊತ್ತಾಗ್ತದಾ?"

ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪಯ್ಯ, ಕುಡಿದು ಎಂಟು ದಿನ ಮನೆಗೆ ಬಾರದವರನ್ನ ನಮ್ಮ ಬೀದೀಲೇ ನೋಡಿದ್ದೀನಿ. ಅಮ್ಮನ ಒಂದು ಮಾತಿಗೆ ಎಂಟು ದಿನ ಕೂತವನನ್ನ ನೋಡಿರಲಿಲ್ಲ. ಪುರೋಹಿತರನ್ನ ಇಲ್ಲಿಗೇ ಕರೆಸು."

ಸಿದ್ದಾಚಾರಿ ಡಾಕ್ಟರಮ್ಮನ ಮುಖ ನೋಡಿದ. ಗಿರಾಕಿ ಸರಿ ಅಂದರಾ ಅಂತ ಅವನಿಗೆ ತಿಳಿಯಬೇಕಾಗಿತ್ತು. ಡಾಕ್ಟರಮ್ಮ, ಸಾಮಾನೂ ಸರಿ, ಮಾರಿದವನೂ ಸರಿ, ಸ್ವಲ್ಪ ಜಾಸ್ತಿಯೇ ಸರಿ ಅಂದರು. ಎತ್ತು ಬಿಚ್ಚಿದರು. ಗಡಿಯಾರದ ಎದುರಿಗೇ ಹಸೆ ಬರೆದರು. ಅದು ಹತ್ತು ಹೊಡೆಯುವಾಗ ಮೋನ ತಾಳಿ ಕಟ್ಟಿದ, ಒಂದು ಕಣ್ಣು ಗಂಟಿನ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ.

ಗಂಡನ ಜೊತೆ ಅಲ್ಲದೆ ಹೆಣ್ಣು ಹೊಸಿಲು ದಾಟಬಾರದಲ್ಲ, ಕಮಲಾಕ್ಷಿಯೂ ಅಲ್ಲೇ ಉಳಿದಳು. ಡಾಕ್ಟರಮ್ಮ ಇಬ್ಬರಿಗೂ ಊಟ ಹಾಕಿದರು. ಮಂಗಳವಾರ ಬೆಳಗ್ಗೆ ಗುಂಡುಗಳು ತಳ ಮುಟ್ಟಿದವು, ಗಡಿಯಾರ ನಿಂತಿತು. ಮೋನ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು, ಇನ್ನೊಂದು ಸಲ ಕೀ ಕೊಟ್ಟು, ಡಾಕ್ಟರಮ್ಮನಿಗೆ ಕೈ ಮುಗಿದ.

ಕಾಳಮ್ಮ ಬಂದಿದ್ದಳು. ಅವಳ ಎದೆ ಹಗುರವಾಗಿತ್ತು, ನಾಲಿಗೆಯೂ ಹಗುರವಾಯಿತು. ನಾನು ಮುಂದೆ ಹೋಗಿ ಆರತಿ ಸಿದ್ಧ ಮಾಡ್ತೀನಿ ಅಂದಳು. "ಆ ಗಡಿಯಾರವನ್ನ ಎಷ್ಟು ಜೋಪಾನವಾಗಿ ತಂದೆಯೋ, ನಿನ್ನ ಹೆಂಡತೀನ ಹಾಗೇ ಜೋಪಾನವಾಗಿ ಮನೆಗೆ ಕರ್ಕೊಂಡು ಬಾ ಕಣಪ್ಪ."

ಅಮ್ಮ ಹೇಳಿದಳು, ಮೋನ ಕೇಳಿದ.

ಕಾಳಮ್ಮ ಹೊಸಿಲ ಮೇಲೆ ಅಕ್ಕಿ ಸೇರು ಇಟ್ಟು, ಆರತಿ ಹಿಡಿದು ನಿಂತಳು. ಓಣಿಯ ತುಂಬ ಹೆಂಗಸರು ನಿಂತರು. ತಳ್ಳುಗಾಡಿ ಬಂತು. ಗಾಡಿಯ ಮೇಲೆ ನೆಟ್ಟಗೆ ಒಂದು ಕಂಬಳಿ, ಕಂಬಳಿಗೆ ಗೋಣಿ ಹುರಿ, ಅದನ್ನು ತಬ್ಬಿ ಹಿಡಿದ ಮೋನ. ಹೆಗಲಿಗೆ ಒಂದು ಗಂಟು. ತೂಗಾಡೋದನ್ನೆಲ್ಲ ಬಿಚ್ಚು ಅಂದಿದ್ದಳಲ್ಲ, ಜುಮುಕಿ, ಡಾಬು, ಜಡೆಬಿಲ್ಲೆ ಎಲ್ಲ ಆ ಗಂಟಿನಲ್ಲಿದ್ದವು. ಅಕ್ಕಿ ಸೇರು ಇದ್ದ ಹಾಗೇ ಇತ್ತು. ಮೋನ ಅದನ್ನು ದಾಟಿ, ಕಂಬಳಿಯನ್ನು ಎತ್ತಿಕೊಂಡು ಹೋಗಿ, ನಿಲುಗಡಿಯಾರ ಇದ್ದ ಖಾಲಿ ಮೂಲೆಯಲ್ಲಿ, ಓಲಾಡದ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಿದ.

ಕಾಳಮ್ಮ ಆರತಿ ತಟ್ಟೆ ಕೆಳಗಿಟ್ಟು, ತಡವಿಕೊಂಡು ಹೋಗಿ ಹುರಿ ಬಿಚ್ಚಿದಳು. ಕಮಲಾಕ್ಷಿಯ ಮುಖ ಬೆವೆತುಹೋಗಿತ್ತು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ಅತ್ತೆ, ಎಲ್ಲೀವರೆಗೆ ಹೋಗ್ತದೋ ನೋಡೋಣ ಅಂತ ಸುಮ್ಮನೆ ನಿಂತೆ. ಇನ್ನು ಮೇಲೆ ಇವರಿಗೆ ಏನು ಹೇಳೋದಿದ್ದರೂ ಮೊದಲು ನನ್ನ ಹತ್ತಿರ ಹೇಳಿ."

"ಹೂಂ ಕಣವ್ವ," ಅಂದಳು ಕಾಳಮ್ಮ. ಆ ಒಂದು ಮಾತು ಕೇಳೋಕೆ ಅವಳು ಮೂವತ್ತು ವರ್ಷ ಕಾದಿದ್ದಳು.

ಇಬ್ಬರೂ ತಿರುಗಿ ನೋಡಿದರು. ಮೋನ ಮಣೆ ತಂದು ಹಾಕಿಕೊಂಡು, ಕಮಲಾಕ್ಷಿಯ ಎದುರಿಗೆ ಕೂತಾಗಿತ್ತು. ಇದೇನೋ ಅಂದರೆ, "ಎಂಟು ದಿನ ಅಮ್ಮ" ಅಂದ.

ಅವರ ಮಣೆ ಅಲ್ಲಿರಲಿ, ನಮ್ಮ ಮಣೆ ಎತ್ತಿಡೋಣ. ಕತೆಗೆ ಕೊಟ್ಟ ಕೀ ಇಷ್ಟೇ.