ಸಾಕವ್ವನ ಮಗನ ಎತ್ತರ

ಸಾಕವ್ವ ಅಂತ ಒಬ್ಬಳಿದ್ದಳು, ಕೇಳಿ. ಆಳು ಗಿಡ್ಡ. ಗಂಡ ಸತ್ತ ಮೇಲೆ ಅವರಿವರ ಮನೆಯ ಪಾತ್ರೆ ತಿಕ್ಕಿ ಮಗನನ್ನು ಸಾಕಿದಳು. ಮಗ ದೊಡ್ಡಯ್ಯ. ಅವನೂ ಗಿಡ್ಡ, ಸಾಲದ್ದಕ್ಕೆ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಈಗ ಅವಳಿಗೆ ಸೊಂಟ ಹಿಡಿದುಕೊಂಡಿತ್ತು. ಮಗನಿಗೊಂದು ಕೆಲಸ ಸಿಕ್ಕದೆ ಒಲೆ ಉರಿಯುವ ಹಾಗಿರಲಿಲ್ಲ.

ಊರಿನ ಅಕ್ಕಿ ಗಿರಣಿಯಲ್ಲಿ ಗೋಡೆಗೊಂದು ಸುಣ್ಣದ ಗೆರೆ ಎಳೆದಿದ್ದರು. ತಲೆ ಗೆರೆ ಮುಟ್ಟಿದವನಿಗೆ ಕೆಲಸ, ಗೆರೆ ದಾಟಿದವನು ಮೇಸ್ತ್ರಿ. ಎತ್ತರದವನ ಮಾತನ್ನೇ ಆಳುಗಳು ಕೇಳುವುದು ಅಂತ ಗಿರಣಿ ಸಾಹುಕಾರರ ನಂಬಿಕೆ.

ದೊಡ್ಡಯ್ಯ ಹೋದ, ನೆಲ ನೋಡುತ್ತಾ ನಿಂತ, ಹಾಗೇ ವಾಪಸು ಬಂದ.

"ನೆಲ ನೋಡ್ಕೊಂಡು ನಿಂತ್ರೆ ಯಾರ್ಲಾ ಕೆಲಸ ಕೊಡ್ತಾರೆ? ತಲೆ ಎತ್ಕೊಂಡು ಹೋಗು" ಅಂತ ಬೈದಳು ಸಾಕವ್ವ.

ಮಾರನೆಯ ದಿನ ತಲೆ ಎತ್ತಿಕೊಂಡೇ ಹೋದ. ಆಕಾಶ ನೋಡುತ್ತಾ ನಡೆದವನು ಭತ್ತ ನೆನೆಹಾಕಿದ ತೊಟ್ಟಿಗೆ ಬಿದ್ದ. ಸಾಕವ್ವ ಹೋಗಿ ಎಲ್ಲರ ಕಾಲು ಹಿಡಿದು ಕರೆತಂದಳು.

"ಅಯ್ಯೋ ನನ್ನ ಹಣೇಬರಹವೇ! ದೊಡ್ಡೋರ ಮುಂದೆ ತಲೆ ತಗ್ಗಿಸ್ಬೇಕು ಕಣೋ, ಬಗ್ಗಿ ನಿಲ್ಬೇಕು."

ಮತ್ತೆ ಹೋದ. ಗೆರೆಯ ಕೆಳಗೆ ಬಗ್ಗಿ ನಿಂತ. ನೆಟ್ಟಗೆ ನಿಲ್ಲು ಅಂದರೂ ನಿಲ್ಲಲಿಲ್ಲ. ಸಾಹುಕಾರರ ಸೊಂಟಕ್ಕೂ ಬರಲಿಲ್ಲ. ಮೇಸ್ತ್ರಿ ನಗುತ್ತಾ, "ಹೆತ್ತವಳೇ ಅಷ್ಟುದ್ದ, ಇವನು ಇನ್ನೆಷ್ಟುದ್ದ ಇದ್ದಾನು?" ಅಂದ. ಈ ಸಲ ಮಗನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಸಾಕವ್ವನ ಕಿವಿಗೂ ಬಿತ್ತು. ನಾಚಿಕೆಯಿಂದ ಕುಗ್ಗಿಹೋದಳು.

ಅವತ್ತು ಮಗನನ್ನು ಬೈಯಲು ಬಾಯಿ ಬರಲಿಲ್ಲ. "ತಪ್ಪು ನಿಂದಲ್ಲ ಮಗ. ನನ್ನ ಎತ್ತರಾನೇ ನಿಂಗೆ ಬಂದಿರೋದು. ನಾನು ಎತ್ತರ ಆಗಿದ್ದಿದ್ರೆ ನೀನೂ ಎತ್ತರ ಆಗ್ತಿದ್ದೆ. ನಿನ್ನ ಬದುಕು ಕೆಡಿಸಿದವಳು ನಾನೇ" ಅಂತ ಅತ್ತಳು.

ದೊಡ್ಡಯ್ಯ ಯೋಚನೆ ಮಾಡಿದ. ಪಾಪ, ಅವನಿಗೆ ಯೋಚನೆ ಬಂದದ್ದು ಅದೇ ಮೊದಲು.

ಬೆಳಗಾಗುತ್ತಲೇ ಅವ್ವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಇಳಿಸೋ ಅಂದರೆ ಕೇಳಲಿಲ್ಲ. ಸಂತೆಬೀದಿಯ ಜನ ಅಂಗಡಿ ಬಿಟ್ಟು ಹಿಂದೆ ಬಂದರು. ಸಾಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಗಿರಣಿಗೆ ಬಂದು ಗೋಡೆಗೆ ಒರಗಿ ನಿಂತ. ಅವ್ವನ ತಲೆ ಗೆರೆ ದಾಟಿ ಮೇಲೆ ಹೋಗಿತ್ತು.

"ನಮ್ಮವ್ವ ಎತ್ತರ ಆದ್ಲು ಸ್ವಾಮಿ. ಈಗ ನನ್ನ ಅಳೀರಿ."

ಮೇಸ್ತ್ರಿ ಅಳೆದ. "ನೀನು ಮೊದಲು ಇದ್ದಷ್ಟೇ ಇದ್ದೀಯಲ್ಲೋ."

"ಸ್ವಲ್ಪ ತಾಳಿ ಸ್ವಾಮಿ" ಅಂದ ದೊಡ್ಡಯ್ಯ, ಅವ್ವನ ಕಾಲನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡು. "ಅವಳು ಎತ್ತರ ಆಗಿದ್ದೇ ಇವತ್ತು. ಅದು ನನಗೆ ಬರೋದು ಬೇಡ್ವೇ?"